ಪಾಳಿ ಮೋರಿಯ ನಂಬರು

ನಮ್ಮ ರಸ್ತೆ ಮಂಡಳಿಯಲ್ಲಿ ಹದಿನಾಲ್ಕನೆಯ ಕೆಲಸ ಎಂದರೆ ಮೂರು ಕೆಲಸಗಳಿದ್ದವು. ತಿಕೋಟಾ ಕಚೇರಿಯವರಿಗೆ ಅದು ಒಂದು ಶಾಲೆಯ ಮುಂದಿನ ಚರಂಡಿ. ಬಬಲೇಶ್ವರ ಕಚೇರಿಯವರಿಗೆ ಮಮದಾಪುರದ ಕಡೆಯ ಒಂದು ತಡೆಗೋಡೆ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿರುವ ನಮ್ಮ ಮುಖ್ಯ ಕಚೇರಿಯಲ್ಲಿ ಅದು ಬಸ್ ತಂಗುದಾಣವೊಂದರ ತಗಡಿನ ಚಾವಣಿ. ಹೋದ ವರ್ಷ ಹದಿನಾಲ್ಕನೆಯ ಕೆಲಸಕ್ಕೆಂದು ಬಂದ ಸಿಮೆಂಟ್ ಪೈಪುಗಳನ್ನು ಲಾರಿಯವನು ತಿಕೋಟಾದ ಬದಲು ಬಬಲೇಶ್ವರದ ಕಡೆ ಇಳಿಸಿ ಹೋದ. ಅವನ ತಪ್ಪೇನೂ ಇರಲಿಲ್ಲ. ಚೀಟಿಯಲ್ಲಿದ್ದ ನಂಬರು ಎರಡೂ ಕಡೆ ಸರಿಯಾಗಿಯೇ ಇತ್ತು. ಪೈಪುಗಳು ಮೂರು ತಿಂಗಳು ತಡೆಗೋಡೆಯ ಪಕ್ಕ ಬಿದ್ದಿದ್ದವು. ಬಿಸಿಲೇರಿದಾಗ ಅವುಗಳೊಳಗೆ ಆಡುಗಳು ಮಲಗುತ್ತಿದ್ದವು.

ಜೂನ್‌ನಲ್ಲಿ ಕಾರ್ಯಪಾಲಕ ಇಂಜಿನಿಯರ್ ಆಗಿ ಬಂದ ನೀಲಾ ಮೇಡಂ ಮೊದಲು ಮಾಡಿದ್ದು ಆ ಮೂರು ಹದಿನಾಲ್ಕರ ಕಡತಗಳನ್ನು ತರಿಸಿ ಒಂದೇ ಮೇಜಿನ ಮೇಲೆ ಇಡಿಸಿದ್ದು. ಇನ್ನು ಮುಂದೆ ಒಂದು ಕೆಲಸಕ್ಕೆ ಒಂದೇ ನಂಬರು, ಅದನ್ನು ಕೊಡುವುದು ಮುಖ್ಯ ಕಚೇರಿ ಮಾತ್ರ ಎಂದು ಆದೇಶ ಹೊರಡಿಸಿದರು. ಕೊಡುವ ಕೆಲಸ ನನಗೆ ಬಂತು. ಆಗ ನಾನು ಗುತ್ತಿಗೆಯ ಮೇಲೆ ಕಂಪ್ಯೂಟರ್ ವಿಭಾಗಕ್ಕೆ ಸೇರಿ ಎರಡು ವರ್ಷವಾಗಿತ್ತು. ಓದಿದ್ದು ಬಿ.ಎ., ಕನ್ನಡ ಮತ್ತು ಇತಿಹಾಸ. ಇದೇ ಮಂಡಳಿಯ ತಿಕೋಟಾ ಗ್ಯಾಂಗಿನಲ್ಲಿ ನನ್ನ ಅಪ್ಪ ಭಾಗಪ್ಪ ಮೂವತ್ತು ವರ್ಷ ಸಲಿಕೆ ಹಿಡಿದಿದ್ದ. ರಸ್ತೆಯ ಬಗ್ಗೆ ನನಗೆ ಗೊತ್ತಿದ್ದದ್ದು ಅವನ ಅಂಗೈಯಷ್ಟೇ. ನನ್ನನ್ನೇ ಯಾಕೆ ಆರಿಸಿದರೆಂದು ಮೇಡಂ ತಾವಾಗಿ ಹೇಳಿದರು.

"ನೀವು ಕಡಿಮಿ ಮಾತಾಡ್ತೀರಿ, ಪ್ರತಾಪ. ನಂಬರ್ ಕೊಡಾವ್ರು ಹಂಗ ಇರಬೇಕು."

ನಂಬರಿಗೆ ಏಳು ಅಂಕಿ. ಮೊದಲ ಎರಡು ಕಚೇರಿಯವು: ವಿಜಯಪುರಕ್ಕೆ ಹನ್ನೊಂದು, ತಿಕೋಟಾಕ್ಕೆ ಹನ್ನೆರಡು, ಬಬಲೇಶ್ವರಕ್ಕೆ ಹದಿಮೂರು. ನಂತರದ ಎರಡು ವರ್ಷದವು, ಅಂದರೆ ಇಪ್ಪತ್ತೈದು. ಕೊನೆಯ ಮೂರು ಕೆಲಸದವು. ಮೂರೂ ಕಚೇರಿಗೆ ಸೇರಿ ಒಂದೇ ಸಾಲು, ಒಂದರಿಂದ ಶುರು. ಒಮ್ಮೆ ಕೊಟ್ಟದ್ದು ಬದಲಾಗುವುದಿಲ್ಲ. ಕೆಲಸ ಮುಗಿದ ಮೇಲೂ ಆ ನಂಬರು ಬೇರೆ ಯಾವುದಕ್ಕೂ ಹೋಗುವುದಿಲ್ಲ. ಪ್ರತಿ ನಂಬರಿಗೂ ಮೂರು ಬೇಕು: ಜಾಗದ ಹೆಸರು, ಜಾಗದ ಫೋಟೊ, ಇದು ನಮ್ಮದು ಎಂದು ಒಪ್ಪಿ ಒಂದು ಕಚೇರಿಯವರು ಹಾಕಿದ ಸಹಿ. ಈ ವ್ಯವಸ್ಥೆ ನನಗೆ ಮೊದಲ ದಿನವೇ ಒಪ್ಪಿಗೆಯಾಯಿತು. ಅದರಲ್ಲಿ ಸುಮ್ಮನಿರುವುದಕ್ಕೆ ಜಾಗವಿರಲಿಲ್ಲ. ಸುಮ್ಮನಿರುವವರ ನಡುವೆ ಬೆಳೆದವನಿಗೆ ಅದೊಂದು ದೊಡ್ಡ ಸಮಾಧಾನ.

ಕಚೇರಿಗಳಿಗೆ ಅಷ್ಟು ಬೇಗ ಒಪ್ಪಿಗೆಯಾಗಲಿಲ್ಲ. ತಿಕೋಟಾದಲ್ಲಿ ಪ್ರತಿ ಏಪ್ರಿಲ್‌ಗೆ ಮತ್ತೆ ಒಂದರಿಂದ ಎಣಿಸುತ್ತಿದ್ದರು. ಅಲ್ಲಿಯ ಸಹಾಯಕ ಇಂಜಿನಿಯರ್ ಶಿವಶರಣಪ್ಪನವರಿಗೆ ಹಾಗೆ ಎಣಿಸಿದರೆ ಹಳೆಯದೆಲ್ಲ ಮುಗಿದಂತೆ ಮನಸ್ಸು ಹಗುರಾಗುತ್ತಿತ್ತಂತೆ. ಬಬಲೇಶ್ವರದಲ್ಲಿ ನಂಬರು ಕಪಾಟಿನದು: ಮೂರನೆಯ ಖಾನೆಯ ಎರಡನೆಯ ಕಡತ ಎಂದರೆ ಮೂವತ್ತೆರಡು. ಅಲ್ಲಿಯ ಸಹಾಯಕ ಇಂಜಿನಿಯರ್ ಭೀಮಾಶಂಕರ ಅವರು ಕಪಾಟು ಬದಲಾಯಿಸಿದ ವರ್ಷ ಅರ್ಧ ತಾಲ್ಲೂಕಿನ ರಸ್ತೆಗಳ ನಂಬರು ಬದಲಾಗಿತ್ತು. ಆದರೂ ಇಬ್ಬರೂ ಒಳ್ಳೆಯವರು. ಗೊಣಗುತ್ತಲೇ ಪಟ್ಟಿ ಕೊಟ್ಟರು, ಫೋಟೊ ಕಳಿಸಿದರು, ಸಹಿ ಹಾಕಿದರು. ಮುಖ್ಯ ಕಚೇರಿಯದು ಅರವತ್ತಮೂರು, ತಿಕೋಟಾದ್ದು ನಲವತ್ತೊಂದು, ಬಬಲೇಶ್ವರದ್ದು ಮೂವತ್ತೆಂಟು. ಒಟ್ಟು ನೂರ ನಲವತ್ತೆರಡು ಕೆಲಸ. ಸೆಪ್ಟೆಂಬರ್ ಕೊನೆಯ ವಾರದ ಸೋಮವಾರದ ಹೊತ್ತಿಗೆ ನೂರ ನಲವತ್ತಕ್ಕೆ ನಂಬರು ಕೊಟ್ಟಿದ್ದೆ.

ಉಳಿದ ಎರಡಕ್ಕೆ ಫೋಟೊ, ಸಹಿ ಬಂದಿರಲಿಲ್ಲ, ಅವು ಎಲ್ಲಿವೆಯೆಂದೂ ತಿಳಿಯಲಿಲ್ಲ.

ತಿಕೋಟಾದ ಪಟ್ಟಿಯಲ್ಲಿದ್ದದ್ದು 'ಪಾಲಿ ಮೋರಿ, ಬಬಲೇಶ್ವರ ರಸ್ತೆ'. ಬಬಲೇಶ್ವರದ ಪಟ್ಟಿಯಲ್ಲಿದ್ದದ್ದು 'ಪಾಲಿ ಮೋರಿ, ತಿಕೋಟಾ ರಸ್ತೆ'. ಎರಡೂ ಪಟ್ಟಿ ಇಂಗ್ಲಿಷ್ ಅಕ್ಷರಗಳಲ್ಲಿದ್ದವು, ನಾನು ಹಾಗೆ ಓದಿಕೊಂಡೆ. ಎರಡು ರಸ್ತೆ, ಎರಡು ಮೋರಿ, ನಡುವೆ ಎಲ್ಲೋ ಪಾಲಿ ಎಂಬ ಒಂದು ಹಳ್ಳಿ. ನಕ್ಷೆಯಲ್ಲಿ ಹುಡುಕಿದೆ. ಹಳ್ಳಿ ಇರಲಿಲ್ಲ. ಬಬಲೇಶ್ವರದ ಕಡತದಲ್ಲಿ ಮಾತ್ರ ಒಂದು ಅರ್ಜಿ ಸಿಕ್ಕಿತು. ಹಳ್ಳದ ದಂಡೆಯ ಒಂದು ವಸ್ತಿಯ ಮೂವತ್ತು ಮನೆಯವರದು. ಮೋರಿಯ ಒಂದು ಮಗ್ಗಲು ಕುಸಿದಿದೆ, ಅದರ ಮೇಲೆ ಬಸ್ಸು ಬಿಡುವುದಿಲ್ಲವೆಂದು ಡ್ರಮ್ಮು ಇಟ್ಟಿದ್ದಾರೆ, ಮಳೆ ಬಂದರೆ ರಸ್ತೆಯ ಮೇಲೆ ನೀರು ನಿಂತು ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ ಎಂದು ಬರೆದಿತ್ತು. ಮೊದಲ ಹೆಬ್ಬೆಟ್ಟು ಬೋರವ್ವ ಎಂಬುವಳದು. ಅರ್ಜಿ ಒಂಬತ್ತು ವರ್ಷ ಹಳೆಯದು. ಅದರ ಮೇಲೆ ಯಾರೋ ಪೆನ್ಸಿಲ್ಲಿನಲ್ಲಿ 'ಅವರಿಗೆ ಕಳಿಸಿ' ಎಂದು ಬರೆದಿದ್ದರು. ಯಾರಿಗೆ ಎಂದು ಬರೆದಿರಲಿಲ್ಲ.

ಪಟ್ಟಿ ಮುಚ್ಚುವುದು ಶುಕ್ರವಾರ ಸಂಜೆ ಐದಕ್ಕೆ. ಅಷ್ಟರೊಳಗೆ ನಂಬರು ಪಡೆಯದ ಕೆಲಸ ಈ ವರ್ಷದ ಕಾಮಗಾರಿಯಲ್ಲಿ ಇರುವುದಿಲ್ಲ. ಅಂದರೆ ಬೋರವ್ವನ ವಸ್ತಿಗೆ ಮತ್ತೊಂದು ವರ್ಷ ಬಸ್ಸಿಲ್ಲ.

ಆ ಸಂಜೆ ಇಬ್ರಾಹಿಂಪುರದ ಮನೆಗೆ ಹೋದಾಗ ಅಪ್ಪ ಬುದ್ಧನ ಫೋಟೊದ ಮುಂದೆ ದೀಪ ಹಚ್ಚಿ ಕೂತಿದ್ದ. ದಿನಾ ಸಂಜೆ ತ್ರಿಶರಣ ಹೇಳುವುದು ಅವನ ರೂಢಿ. ಅವನು ದಿನದಲ್ಲಿ ಆಡುವ ಮಾತಿನಲ್ಲಿ ಅರ್ಧದಷ್ಟು ಆ ಮೂರು ಸಾಲೇ. ಮುಗಿಯುವವರೆಗೂ ಕಾದೆ. ಮನೆಯ ಹಿಂದೆ ರೈಲು ಹೋಯಿತು, ಅದರ ಸದ್ದು ಹೋಗುವವರೆಗೂ ಕಾದೆ. ಆಮೇಲೆ ಕೇಳಿದೆ.

"ಯಪ್ಪಾ, ತಿಕೋಟಾ ಕಡೆ ಪಾಲಿ ಅನ್ನೂ ಊರ ಎಲ್ಲಿ ಬರತೈತಿ? ಪಾಲಿ ಮೋರಿ ಅಂತ ಬರದಾರ."

ಅಪ್ಪ ನನ್ನ ಮುಖ ನೋಡಿದ. ನಗು ಬಂದಿತ್ತು, ತಡೆದುಕೊಂಡ.

"ನಾ ಈಗ ಹೇಳಿದ್ದು ಪಾಲಿ. ರಸ್ತಾದಾಗ ಇರೂದು ಪಾಳಿ."

ಇಂಗ್ಲಿಷಿನಲ್ಲಿ ಳ ಇಲ್ಲ. ಕನ್ನಡ ಓದಿದವನಿಗೆ ಇದು ಹೊಳೆಯಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಆ ನಾಲ್ಕು ಅಕ್ಷರ ಕಂಡರೆ ಮೊದಲು ನೆನಪಾಗುವುದು ತ್ರಿಶರಣದ ಪಾಲಿ ಭಾಷೆ. ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತ್ತು.

ಅಪ್ಪ ಉಳಿದದ್ದನ್ನು ತುಂಡು ತುಂಡಾಗಿ ಹೇಳಿದ. ತಿಕೋಟಾದಿಂದ ಬಬಲೇಶ್ವರಕ್ಕೆ ಒಳಗಿಂದ ಹೋಗುವ ಸಣ್ಣ ರಸ್ತೆ ಒಂದೇ. ತಿಕೋಟಾದಲ್ಲಿ ನಿಂತರೆ ಅದು ಬಬಲೇಶ್ವರ ರಸ್ತೆ, ಬಬಲೇಶ್ವರದಲ್ಲಿ ನಿಂತರೆ ತಿಕೋಟಾ ರಸ್ತೆ. ಹಳ್ಳದ ನಟ್ಟನಡುವೆ ಎರಡು ಗ್ಯಾಂಗಿನ ಸೀಮೆ ಕೂಡುತ್ತಿತ್ತು, ಅಂದರೆ ಮೋರಿಯ ನಡುವೆ. ಅರ್ಧ ಮೋರಿಯ ಹೂಳು ತೆಗೆಯಲು ಬರುವುದಿಲ್ಲ. ಹಾಗಾಗಿ ಗ್ಯಾಂಗಿನವರೇ ಪಾಳಿ ಹಚ್ಚಿಕೊಂಡರು: ಒಂದು ವರ್ಷ ತಿಕೋಟಾ ಗ್ಯಾಂಗು, ಮರುವರ್ಷ ಬಬಲೇಶ್ವರ ಗ್ಯಾಂಗು. ಈ ಕಡೆಯಿಂದ ಅಪ್ಪ ಹೋದ ಹಾಗೆ ಬಬಲೇಶ್ವರ ಗ್ಯಾಂಗಿನಿಂದ ಬರುತ್ತಿದ್ದವನು ಯಲಗೂರಪ್ಪ, ಕುರಿ ಸಾಕುವ ಮನೆತನದವನು, ಹಳ್ಳದ ದಂಡೆಯ ವಸ್ತಿಯವನೇ. ಪಾಳಿ ಹಸ್ತಾಂತರಿಸುವ ದಿನ ಇಬ್ಬರೂ ಕೂಡುತ್ತಿದ್ದರು. ಮೊದಲ ವರ್ಷ ಮೋರಿಯ ಕಟ್ಟೆಯ ಎರಡು ತುದಿಗೆ ಕೂತು ರೊಟ್ಟಿ ತಿಂದರಂತೆ. ಮೂರನೆಯ ವರ್ಷ ನಡುವೆ ಕೂತು ತಿಂದರಂತೆ. ಎರಡನೆಯ ವರ್ಷ ಏನಾಯಿತೆಂದು ಅಪ್ಪ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಈ ವರ್ಸ ಯಾರ ಪಾಳಿ?" ಎಂದೆ.

ಅಪ್ಪ ದೀಪದ ಬತ್ತಿ ಸರಿಮಾಡಿದ. ಅದು ಸರಿಯಾಗಿಯೇ ಇತ್ತು. ಎದ್ದು ಅಂಗಳಕ್ಕೆ ಹೋದ. ಅಪ್ಪನ ಸುಮ್ಮನಿರುವಿಕೆಯಲ್ಲಿ ನನಗೆ ಹಲವು ಬಗೆ ಗೊತ್ತು: ದಣಿವಿನದು, ಒಪ್ಪಿಗೆಯದು, ಬೇಸರದ್ದು. ಇದು ಅವುಗಳಲ್ಲಿ ಯಾವುದೂ ಅಲ್ಲ. ಅವನು ಉತ್ತರ ಗೊತ್ತಿದ್ದು ಎದ್ದುಹೋದ.

ಮಂಗಳವಾರ ಎರಡೂ ಕಚೇರಿಗೆ ಫೋನು ಮಾಡಿ ನಿಮ್ಮ ಎರಡು ಮೋರಿ ಒಂದೇ ಎಂದು ತಿಳಿಸಿದೆ. ಸಂತೋಷಪಡುತ್ತಾರೆಂದುಕೊಂಡಿದ್ದೆ. ಸಂತೋಷವೇನೋ ಪಟ್ಟರು, ಆದರೆ ಬೇರೆ ಕಾರಣಕ್ಕೆ. ಹಾಗಿದ್ದರೆ ತಮ್ಮ ಪಟ್ಟಿಯಿಂದ ತೆಗೆದುಬಿಡಿ, ಈ ವರ್ಷ ಅವರ ಪಾಳಿ ಎಂದು ಶಿವಶರಣಪ್ಪ ಹೇಳಿದರು. ಹತ್ತು ನಿಮಿಷದ ನಂತರ ಭೀಮಾಶಂಕರ ಅವರೂ ಅದನ್ನೇ ಹೇಳಿದರು. ಅವರ ಭಯ ನನಗೆ ಅರ್ಥವಾಗುತ್ತಿತ್ತು. ಇಲ್ಲಿಯವರೆಗೆ ಮೋರಿ ಕುಸಿದರೆ ಆ ಕಡೆಯವರತ್ತ ಬೆರಳು ತೋರಿಸಬಹುದಿತ್ತು. ನಂಬರು ಬಂದರೆ ಪಾಳಿ ಮುಗಿಯಿತು. ಯಾರು ಸಹಿ ಹಾಕುತ್ತಾರೋ ಅವರು ಇನ್ನು ಪ್ರತಿ ಮಳೆಗಾಲವೂ ಅದಕ್ಕೆ ಉತ್ತರ ಕೊಡಬೇಕು.

ಬುಧವಾರ ಮೇಡಂ ಮುಂದೆ ವಿಷಯ ಇಟ್ಟೆ. ಸದ್ಯಕ್ಕೆ ಮುಖ್ಯ ಕಚೇರಿಯ ಹೆಸರಲ್ಲೇ ನಂಬರು ಕೊಡೋಣವೇ ಎಂದು ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು.

"ಯಾರ್ದೂ ಅಲ್ಲದ ಕೆಲಸಕ್ಕ ನಂಬರ್ ಕೊಟ್ರ, ಕೆಲಸ ಆದಂಗ ಕಾಣತೈತಿ. ಮತ್ತ ಯಾರೂ ಆ ಕಡೆ ನೋಡಂಗಿಲ್ಲ. ಒಂದು ಸಹಿ ತರ್ರಿ. ಶುಕ್ರವಾರ ಐದರ ತನಕ ಆ ನಂಬರ್ ಖಾಲಿ ಇಟ್ಟಿರ್ತೀನಿ."

ಅವರ ಮಾತು ಸರಿಯಿತ್ತು. ಸರಿಯಾದ ಮಾತಿಗೆ ಎದುರಾಡಲು ನನಗೆ ಬರುವುದಿಲ್ಲ. ಇಬ್ಬರೂ ಇಂಜಿನಿಯರುಗಳು ಶುಕ್ರವಾರ ಹನ್ನೊಂದಕ್ಕೆ ಮೋರಿಯ ಹತ್ತಿರ ಬರಬೇಕೆಂದು ಮೇಡಂ ಹೆಸರಿನಲ್ಲಿ ಪತ್ರ ಕಳಿಸಿದೆ. ಗುರುವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಬರುತ್ತೀಯಾ ಎಂದು ಕೇಳಿದೆ. ಅವನು ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿದ, ಬಾಯಿಗೆ ಇಡಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಹಳೆಯ ಖಾಕಿ ಅಂಗಿ ಹಾಕಿಕೊಂಡು ಹೊಸ್ತಿಲಲ್ಲಿ ಕೂತಿದ್ದ. ಅದನ್ನು ಅವನು ನಿವೃತ್ತಿಯಾದ ಮೇಲೆ ಹಾಕಿದ್ದನ್ನು ನಾನು ನೋಡಿರಲಿಲ್ಲ. ಹೆಗಲಲ್ಲಿ ಸಡಿಲಾಗಿತ್ತು.

ಅಪ್ಪ ಮೋಟರ್ ಸೈಕಲ್ಲಿನ ಹಿಂದೆ ಕೂತ. ತಿಕೋಟಾ ದಾಟಿ ದ್ರಾಕ್ಷಿ ತೋಟಗಳ ನಡುವಿನ ಸಣ್ಣ ರಸ್ತೆಗೆ ಇಳಿದಾಗ ನನ್ನ ಹೆಗಲ ಮೇಲಿದ್ದ ಅವನ ಕೈ ಬಿಗಿಯಾಯಿತು. ಪ್ರತಿ ಕಲ್ಲು ಬಂದಾಗಲೂ ಬಿಗಿಯಾಗುತ್ತಿತ್ತು. ಆ ಕಿಲೋಮೀಟರ್ ಕಲ್ಲುಗಳ ಮೇಲೆ ಮೂವತ್ತು ವರ್ಷ ಅಂಕಿ ಬರೆದವನು ಅವನೇ.

ಮೋರಿ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಮೂರು ಕಣ್ಣಿನದು, ಕಲ್ಲಿನದು, ಎರಡೂ ಬದಿಗೆ ಮೊಣಕಾಲೆತ್ತರದ ಕಟ್ಟೆ. ಎರಡು ಕಣ್ಣಿನಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು. ತಿಕೋಟಾದ ಮಗ್ಗಲಿನ ಮೂರನೆಯ ಕಣ್ಣು ಮಣ್ಣು ತುಂಬಿ ಮುಚ್ಚಿಹೋಗಿತ್ತು, ಅದರ ಮೇಲಿನ ರಸ್ತೆ ಒಂದು ಮೊಳ ಕುಸಿದಿತ್ತು. ಅಲ್ಲಿ ಕೆಂಪು ಬಣ್ಣದ ಡ್ರಮ್ಮು. ಶಿವಶರಣಪ್ಪ ತಿಕೋಟಾದ ತುದಿಯಲ್ಲಿ ತಮ್ಮ ಜೀಪಿಗೆ ಒರಗಿ ನಿಂತಿದ್ದರು. ಭೀಮಾಶಂಕರ ಬಬಲೇಶ್ವರದ ತುದಿಯಲ್ಲಿ ಸ್ಕೂಟರಿನ ಮೇಲೆ ಕೂತಿದ್ದರು. ನಡುವೆ ಮೂವತ್ತು ಅಡಿ ಮೋರಿ. ಇಬ್ಬರೂ ಅದರ ಮೇಲೆ ಕಾಲಿಟ್ಟಿರಲಿಲ್ಲ. ಇಟ್ಟರೆ ಅದು ತಮ್ಮದಾಗಿಬಿಡುತ್ತದೆ ಎಂಬಂತೆ ದೂರದಿಂದಲೇ ನಮಸ್ಕಾರ ಹೇಳಿಕೊಂಡಿದ್ದರು.

ವಸ್ತಿಯ ಕಡೆಯಿಂದ ಏಳೆಂಟು ಆಡು ಹೊಡೆದುಕೊಂಡು ಒಬ್ಬ ಮುದುಕಿ ಬಂದಳು. ಎತ್ತರದ ಹೆಂಗಸು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಇಬ್ಬರನ್ನೂ ಒಮ್ಮೆ ನೋಡಿ ಕೋಲು ಊರಿ ನಿಂತಳು.

"ಏನ್ರಿ ಸಾಹೇಬ್ರ, ಮುನಿಸಿಕೊಂಡ ಬೀಗರು ನಿಂತಂಗ ನಿಂತೀರಿ. ಒಳಗ ಬರ್ರಿ ಅಂತ ನಾ ಕರೀಬೇಕೇನು?"

ಭೀಮಾಶಂಕರ ನಕ್ಕರು. ಶಿವಶರಣಪ್ಪ ನಗದಿರಲು ನೋಡಿದರು, ಆಗಲಿಲ್ಲ. ಇಬ್ಬರೂ ಮೋರಿಯ ಮೇಲೆ ಬಂದರು. ಆಗ ಅವಳು ನನ್ನ ಹಿಂದೆ ನಿಂತಿದ್ದ ಅಪ್ಪನನ್ನು ಕಂಡಳು. ಬಹಳ ಹೊತ್ತು ನೋಡಿದಳು.

"ಭಾಗಣ್ಣ ಹೌದಲ್ಲೋ? ನಿನ್ನ ಮಾರಿ ನೋಡಿ ಎಷ್ಟ ವರ್ಸ ಆತೋ ಯಪ್ಪಾ."

ಅವಳೇ ಬೋರವ್ವ. ಅರ್ಜಿಯ ಮೊದಲ ಹೆಬ್ಬೆಟ್ಟಿನವಳು, ಯಲಗೂರಪ್ಪನ ಹೆಂಡತಿ. ಯಲಗೂರಪ್ಪ ತೀರಿಕೊಂಡು ಎರಡು ವರ್ಷವಾಯಿತೆಂದು ಅವಳು ಹೇಳಿದಾಗ ಅಪ್ಪ ಕಟ್ಟೆಯ ಮೇಲೆ ಕೈ ಇಟ್ಟ. ಅವನಿಗೆ ಗೊತ್ತಿರಲಿಲ್ಲ. ಒಂದು ಆಡು ಡ್ರಮ್ಮಿನ ಬಣ್ಣ ನೆಕ್ಕುತ್ತಿತ್ತು.

ಕಟ್ಟೆಯ ಮೇಲಿನ ಗುರುತು ತೋರಿಸಿದವಳು ಬೋರವ್ವ. ಪಾಳಿ ಮುಗಿಸಿದ ಗ್ಯಾಂಗು ಕಟ್ಟೆಯ ಮೇಲೆ ಗೇಣಗಲದ ಒಂದು ಪಟ್ಟಿ ಬಳಿಯುತ್ತಿತ್ತು: ತಿಕೋಟಾದವರು ಸುಣ್ಣದ ಬಿಳಿ, ಬಬಲೇಶ್ವರದವರು ಹುರಮಂಜಿನ ಕೆಂಪು. ಅವಳು ಹಳ್ಳದಲ್ಲಿ ಗೋಣಿಚೀಲ ಅದ್ದಿ ತಂದಳು, ನಾನು ತಿಕ್ಕಿದೆ. ಧೂಳು ಹೋದ ಮೇಲೆ ಪಟ್ಟಿಗಳು ಒಂದರ ಪಕ್ಕ ಒಂದು ಎದ್ದು ಬಂದವು. ಬಿಳಿ, ಕೆಂಪು, ಬಿಳಿ, ಕೆಂಪು. ಹಳೆಯವು ಬರೀ ನೆರಳಿನಷ್ಟು ಉಳಿದಿದ್ದವು. ಕೊನೆಯದು ಕೆಂಪು. ಅದರಾಚೆ ಬರಿಯ ಕಲ್ಲು.

ಭೀಮಾಶಂಕರ ಅವರ ಮುಖ ಅರಳಿತು. ಕೆಂಪು ತಮ್ಮದು, ತಾವು ಮುಗಿಸಿದ್ದೇವೆ, ಮುಂದಿನ ಪಾಳಿ ತಿಕೋಟಾದ್ದು ಎಂದರು. ಶಿವಶರಣಪ್ಪ ಬಿಡಲಿಲ್ಲ. ಕೊನೆಯ ಕೆಂಪು ಯಾವ ವರ್ಷದ್ದೆಂದು ಬೋರವ್ವನನ್ನು ಕೇಳಿದರು. ಸಣ್ಣ ಮಗಳ ಮದುವೆಯ ವರ್ಷದ್ದು ಎಂದಳು, ಎರಡು ಸಾವಿರದ ಹದಿಮೂರು. ಅವರು ಬೆರಳು ಮಡಚಿದರು.

"ಹದಿನಾಲ್ಕು ನಮ್ದು, ಹದಿನೈದು ನಿಮ್ದು. ಸಮ ವರ್ಸ ನಮ್ದು, ಬೆಸ ವರ್ಸ ನಿಮ್ದು. ಇದು ಇಪ್ಪತ್ತೈದು. ಪಾಳಿ ಅಂದ್ರ ಪಾಳಿ, ಭೀಮಾಶಂಕರ. ಲೆಕ್ಕಾ ಎಲ್ಲಿ ಓಡತೈತಿ?"

"ಯಾರೂ ಮಾಡಲಾರದ ಪಾಳಿ ಎಣಿಸ್ತೀರೇನ್ರಿ?"

"ಮಾಡಿದ್ರೇನು ಬಿಟ್ರೇನು, ವರ್ಸಂತೂ ಹೋಗ್ಯಾವಲ್ಲ."

ಇಬ್ಬರ ಮಾತಿನಲ್ಲೂ ಹುರುಳಿತ್ತು, ಅದೇ ತೊಂದರೆ. ಗಂಟೆ ಹನ್ನೆರಡು ದಾಟಿತ್ತು. ಸಹಿ ಹಾಕಬೇಕಾದ ಹಾಳೆ ನನ್ನ ಚೀಲದಲ್ಲಿ ಖಾಲಿ ಇತ್ತು. ನಾನು ಅಪ್ಪನ ಕಡೆ ನೋಡಲಿಲ್ಲ. ನೋಡಿದರೆ ಕೇಳಿದಂತೆ. ಸೋಮವಾರ ಒಮ್ಮೆ ಕೇಳಿದ್ದೆ, ಅವನು ಎದ್ದುಹೋಗಿದ್ದ. ಮಾತು ಅವನದು, ಅವನೇ ತೆಗೆಯಲಿ ಎಂದು ನಿಂತೆ. ಅವನು ತೆಗೆಯುತ್ತಾನೆಂದು ನನಗೆ ಯಾಕೋ ಖಾತ್ರಿಯಿತ್ತು. ಸುಮ್ಮನೆ ಕೂರುವವನು ಆ ಖಾಕಿ ಅಂಗಿ ಹಾಕಿಕೊಂಡು ಬರುತ್ತಿರಲಿಲ್ಲ.

ಅಪ್ಪ ಇಂಜಿನಿಯರುಗಳಿಗೆ ಹೇಳಲಿಲ್ಲ. ಬೋರವ್ವನಿಗೆ ಹೇಳಿದ.

"ಹದಿನಾಲ್ಕರ ಪಾಳಿ ನಂದಿತ್ತು ತಂಗಿ. ಎರಡ ಕಣ್ಣ ತಗದೆ. ಮೂರನೇದ್ದು ಉಳೀತು. ನೌಕರಿ ಮುಗೀತು ಅಂತ ಸಲಿಕಿ ಇಸಗೊಂಡ್ರು. ನಾ ಐತವಾರ ಬಂದು ತಗೀತೀನಿ ಅಂತ ಯಲಗೂರನ ಮುಂದ ಹೇಳಿದ್ದೆ. ಬರಲಿಲ್ಲ."

ಅವನು ಮುಚ್ಚಿಹೋದ ಕಣ್ಣಿನ ಕಡೆ ಕೈ ತೋರಿಸಿದ.

"ಅದು ನಂದು. ಕೇಳಿದ್ರ ಹೇಳ್ತಿದ್ದೆ. ಇಷ್ಟ ವರ್ಸ ಯಾರೂ ಕೇಳಲಿಲ್ಲ. ಮೊನ್ನೆ ಮಗ ಕೇಳಿದಾಗ ಬಾಯಿ ಬರಲಿಲ್ಲ."

ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಒಂದು ಭಾನುವಾರ ಮುಗಿದಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಬೋರವ್ವ ಬೈಯುತ್ತಾಳೆಂದುಕೊಂಡೆ. ಬೈಯಲು ಅವಳಿಗೆ ಎಲ್ಲ ಹಕ್ಕಿತ್ತು. ಮಳೆಗಾಲದಲ್ಲಿ ಡ್ರಮ್ಮಿನ ಪಕ್ಕ ಮೊಣಕಾಲುದ್ದ ನೀರಿನಲ್ಲಿ ದಾಟಿ, ಎರಡು ಕಿಲೋಮೀಟರ್ ನಡೆದು ಬಸ್ಸು ಹಿಡಿದವಳು ಅವಳು. ಅವಳು ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ಗೊತ್ತಿತ್ತು ಅವಗ. ಭಾಗ್ಯಾನ ಬಿಳಿ ಇನ್ನಾ ಬಿದ್ದಿಲ್ಲ, ನಾ ಹೆಂಗ ಕೆಂಪ ಹಚ್ಚಲಿ ಅಂತಿದ್ದ. ಹುರಮಂಜಿನ ಡಬ್ಬಿ ಹಂಗ ಐತಿ ಮನ್ಯಾಗ. ನೀ ಸತ್ತಿ ಅಂತ ಒಂದೊಂದ ಸಲ ಅನಕೋತಿದ್ದ. ಸತ್ರ ಸುದ್ದಿ ಬರತಿತ್ತು ಅಂತ ಮತ್ತ ತಾನ ಅಂತಿದ್ದ."

ನಾನು ಆಗ ಬಾಯಿ ತೆರೆದೆ. ಶಿವಶರಣಪ್ಪನವರಿಗೆ ಹೇಳಿದೆ: ಪಾಳಿಯ ಲೆಕ್ಕ ಹೇಳಿದವರು ನೀವೇ. ಬರೀ ವರ್ಷ ಕಳೆದದ್ದಕ್ಕೆ ಪಾಳಿ ತಿರುಗುತ್ತಿರಲಿಲ್ಲ, ಮುಗಿಸಿದರೆ ತಿರುಗುತ್ತಿತ್ತು. ಗುರುತು ಬಳಿಯುತ್ತಿದ್ದದ್ದು ಅದಕ್ಕೇ. ಹದಿನಾಲ್ಕರ ಪಾಳಿ ಇನ್ನೂ ಮುಗಿದಿಲ್ಲ. ಅದು ತಿಕೋಟಾದ್ದು. ಹಾಗಾಗಿ ಇಂದಿಗೂ ತಿಕೋಟಾದ ಪಾಳಿಯೇ ನಡೆದಿದೆ. ಆ ಮಾತು ನನ್ನ ಅಪ್ಪನ ತಪ್ಪಿನ ಮೇಲೆ ನಿಂತಿತ್ತು, ಆದರೆ ಗಟ್ಟಿಯಾಗಿ ನಿಂತಿತ್ತು.

ಶಿವಶರಣಪ್ಪ ಕಟ್ಟೆಯ ಪಟ್ಟಿಗಳನ್ನು ಇನ್ನೊಮ್ಮೆ ನೋಡಿದರು. ಅಪ್ಪನನ್ನು ನೋಡಿದರು. ಅಪ್ಪ ಅವರ ಕಣ್ಣು ತಪ್ಪಿಸಲಿಲ್ಲ.

"ಈ ಅಜ್ಜಾ ಸುಮ್ಮನಿದ್ದಿದ್ರ ನಾ ಗೆಲ್ಲತಿದ್ದೆ," ಎಂದರು. ಆಮೇಲೆ ಕೈ ಚಾಚಿದರು. "ಕೊಡ್ರಿ ಹಾಳಿ."

ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ಸಹಿ ಹಾಕಿದರು. ಸಾಕ್ಷಿಗೆ ಭೀಮಾಶಂಕರ ಹಾಕಿದರು, ಸ್ವಲ್ಪ ದೊಡ್ಡದಾಗಿಯೇ. ಇನ್ನು ಉಳಿದದ್ದು ಫೋಟೊ. ನಾನು ಮೊಬೈಲು ತೆಗೆದಾಗ ಅಪ್ಪ ತಡೆದ. ನಂಬರು ಎಷ್ಟು ಎಂದು ಕೇಳಿದ. ಹನ್ನೆರಡು, ಇಪ್ಪತ್ತೈದು, ನೂರ ನಲವತ್ತೊಂದು ಎಂದೆ. ಎರಡು ಮೋರಿ ಒಂದಾದ ಮೇಲೆ ಸಾಲಿನಲ್ಲಿ ಉಳಿದಿದ್ದದ್ದು ಅದೊಂದೇ ಅಂಕಿ.

ಅಪ್ಪ ಬೋರವ್ವನ ಕಡೆ ತಿರುಗಿ ಮನೆಯಲ್ಲಿ ಸುಣ್ಣ ಇದೆಯೇ ಎಂದು ಕೇಳಿದ.

ಅವಳು ಹೋಗಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಹಳೆಯ ಬೋಗುಣಿಯಲ್ಲಿ ಕಲೆಸಿದ ಸುಣ್ಣ, ಕುಂಚಕ್ಕೆಂದು ತುದಿ ಜಜ್ಜಿದ ಕತ್ತಾಳೆಯ ತುಂಡು. ಅಪ್ಪ ಕೊನೆಯ ಕೆಂಪು ಪಟ್ಟಿಯ ಪಕ್ಕದ ಬರಿಯ ಕಲ್ಲಿನ ಮುಂದೆ ಮಂಡಿಯೂರಿ ಕೂತ. ಪಟ್ಟಿ ಬಳಿಯುತ್ತಾನೆಂದು ನಾನು ಎಣಿಸಿದ್ದೆ. ಅವನು ಅಂಕಿ ಬರೆದ. ಕಿಲೋಮೀಟರ್ ಕಲ್ಲಿನ ಮೇಲೆ ಬರೆಯುತ್ತಿದ್ದ ಹಾಗೆಯೇ, ದಪ್ಪಗೆ, ಕನ್ನಡದಲ್ಲಿ. ಎಪ್ಪತ್ತೊಂದರ ವಯಸ್ಸಿನಲ್ಲೂ ಅಂಕಿಗಳು ಒಂದೇ ಎತ್ತರಕ್ಕೆ ಬಂದವು.

೧೨-೨೫-೧೪೧

"ಇನ್ನ ಕೆಂಪ ಯಾವಾಗ ಹಚ್ಚಬೇಕೋ ಅಣ್ಣಾ?" ಎಂದಳು ಬೋರವ್ವ.

"ಹಚ್ಚೂದಿಲ್ಲವ್ವ. ಪಾಳಿ ಮುಗೀತು."

ಅವಳು ಬೋಗುಣಿಯಲ್ಲಿ ಉಳಿದ ಸುಣ್ಣವನ್ನು ಚೆಲ್ಲಲಿಲ್ಲ. ಮನೆಗೆ ಒಯ್ದಳು. ಹೋಗುವಾಗ, ಬಸ್ಸು ಶುರುವಾದ ದಿನ ಮೊದಲ ಬಸ್ಸಿಗೆ ಬಂದು ರೊಟ್ಟಿ ತಿಂದು ಹೋಗಬೇಕು, ಬರಲಿಲ್ಲವೆಂದರೆ ಈ ಸಲ ತಾನೇ ಇಬ್ರಾಹಿಂಪುರಕ್ಕೆ ಬರುತ್ತೇನೆ ಎಂದು ಅಪ್ಪನಿಗೆ ಎಚ್ಚರಿಕೆ ಕೊಟ್ಟಳು. ಅಪ್ಪ ಬರುತ್ತೇನೆ ಎಂದ. ಯಾವ ವಾರ ಎಂದು ಹೇಳಲಿಲ್ಲ. ಅವಳೂ ವಾರ ಕೇಳಲಿಲ್ಲ.

ಅಪ್ಪನನ್ನು ಮನೆಯ ಮುಂದೆ ಇಳಿಸಿ ಸೊಲ್ಲಾಪುರ ರಸ್ತೆಯ ಕಚೇರಿಗೆ ಬಂದಾಗ ನಾಲ್ಕೂವರೆ. ಹಾಳೆ ಮೇಡಂ ಮುಂದೆ ಇಟ್ಟೆ. ಅವರು ಸಹಿ ನೋಡಿದರು, ಸಾಕ್ಷಿ ನೋಡಿದರು. ಹೆಸರಿನ ಜಾಗದಲ್ಲಿ ಕನ್ನಡ ಅಕ್ಷರ ಹಾಕಬಹುದೇ ಎಂದು ಕೇಳಿದೆ. ಕಂಪ್ಯೂಟರ್ ಒಪ್ಪಿದರೆ ಹಾಕಿ ಎಂದರು. ಒಪ್ಪಿತು. 'ಪಾಳಿ ಮೋರಿ' ಎಂದು ಬರೆದೆ, ಳ ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ನೋಡಿದೆ. ಫೋಟೊ ಹಾಕಿದೆ. ಮೇಡಂ ಎದ್ದು ಬಂದು ನನ್ನ ಹಿಂದೆ ನಿಂತರು. ಪರದೆಯ ಮೇಲೆ ಬಿಳಿ ಪಟ್ಟಿ, ಕೆಂಪು ಪಟ್ಟಿ, ಅವುಗಳ ಪಕ್ಕ ಇನ್ನೂ ಹಸಿಯಿದ್ದ ಏಳು ಅಂಕಿ, ಮೂಲೆಯಲ್ಲಿ ಆಡಿನ ಅರ್ಧ ಮುಖ.

"ನಾವು ಕೊಡೂದಕ್ಕಿಂತ ಮೊದಲ ಬರದು ಬಂದೀರಲ್ಲ. ನಂಬರ್ ಬ್ಯಾರೇ ಬಂದ್ರ?"

"ಬರಂಗಿಲ್ರಿ ಮೇಡಂ."

ಒಮ್ಮೆ ಕೊಟ್ಟರೆ ಬದಲಾಗದು, ಕೊಡಲೇ ಎಂದು ಕಂಪ್ಯೂಟರ್ ಕೇಳಿತು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ನಲವತ್ತು. ಇನ್ನೂ ಇಪ್ಪತ್ತು ನಿಮಿಷವಿತ್ತು. ನಾನು ಕಾಯಲಿಲ್ಲ, ಒತ್ತಿದೆ.